ಬಿಲ್ಲೆ ತೆಗೆಯಲ್ಪಟ್ಟಿತು

ಫೆಬ್ರವರಿ 3, ಸೋಮವಾರ

ಈ ನೋಟ್‌ಬುಕ್ ಯಾರ ಕಣ್ಣಿಗೂ ಬೀಳಬಾರದು. ಬರೆಯಲು ಹೊತ್ತಿಗೇನೂ ಕೊರತೆಯಿಲ್ಲ. ಅತ್ತೆಮ್ಮ ಬಿಸಿಯಾಗಲು ಇಪ್ಪತ್ತು ನಿಮಿಷ, ಬೇಯಿಸಲು ಅರ್ಧ ಗಂಟೆ, ಒಣಗಿಸಲು ಇನ್ನೊಂದು ಇಪ್ಪತ್ತು. ಅಷ್ಟೂ ಹೊತ್ತು ಸ್ಟೂಲಿನ ಮೇಲೆ ಕೂತು ಕಾಯುವುದೇ ನನ್ನ ಕೆಲಸ. ಅತ್ತೆಮ್ಮ ಅಂದರೆ ನಮ್ಮ ಹಬೆ ಮಷೀನು. ದಿನವಿಡೀ ಬುಸುಗುಡುತ್ತಾಳೆ, ಮೈಮರೆತು ಹತ್ತಿರ ಹೋದರೆ ಚುರುಕು ಮುಟ್ಟಿಸುತ್ತಾಳೆ, ಹಾಗಂತ ಅವಳಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಹೆಸರಿಟ್ಟವರು ಅಕ್ಕ, ನನ್ನ ಜೊತೆ ಕೆಲಸ ಮಾಡುವ ಹಿರಿಯರು.

ಆಸ್ಪತ್ರೆಯ ನೆಲಮಾಳಿಗೆಯ ಈ ಕೋಣೆಯಲ್ಲಿ ನಾವಿಬ್ಬರೇ. ಆಪರೇಷನ್ ಮುಗಿದ ಮೇಲೆ ಕೆಳಗೆ ಬರುವ ಕತ್ತರಿ, ಚಿಮಟ, ಬಟ್ಟಲುಗಳನ್ನೆಲ್ಲ ಅಕ್ಕ ತೊಳೆಯುತ್ತಾರೆ. ನಾನು ಎಣಿಸಿ, ಟ್ರೇಯಲ್ಲಿ ಜೋಡಿಸಿ, ಬಟ್ಟೆಯಲ್ಲಿ ಕಟ್ಟಿ, ಟೇಪು ಅಂಟಿಸಿ ಅತ್ತೆಮ್ಮನ ಹೊಟ್ಟೆಗೆ ಹಾಕುತ್ತೇನೆ. ಹಾಕಿದ ಕೂಡಲೇ ಬಾಗಿಲ ಹಿಡಿಗೆ ಕೆಂಪು ಬಿಲ್ಲೆ. ತಗಡಿನದು, ಅಂಗೈಯಗಲ. ಹಬೆ ಸರಿಯಾಗಿ ತಾಗಿದರೆ ಟೇಪಿನ ಬಿಳಿ ಗೆರೆಗಳು ಕಪ್ಪಾಗುತ್ತವೆ. ಅದನ್ನು ಕಣ್ಣಾರೆ ನೋಡಿದ ಮೇಲೆ ನಾನೇ ಬಿಲ್ಲೆ ತೆಗೆದು ಗೋಡೆಯ ಮೊಳೆಗೆ ಹಾಕಬೇಕು. ಬಿಲ್ಲೆ ಇದ್ದರೆ ಯಾರೂ ಬಾಗಿಲು ಮುಟ್ಟುವಂತಿಲ್ಲ. ಇಲ್ಲದಿದ್ದರೆ ಒಳಗಿರುವುದು ಆಪರೇಷನ್‌ಗೆ ಸಿದ್ಧ ಅಂತ ಅರ್ಥ. ಅಕ್ಕ ಇಲ್ಲಿಗೆ ಬಂದ ಕಾಲದಿಂದ, ಅಂದರೆ ಮೂವತ್ತೊಂದು ವರ್ಷದಿಂದ ನಡೆದುಬಂದ ಪದ್ಧತಿ ಇದು.

ಈಗ ಹೊಸ ಸೂಪರಿಂಟೆಂಡೆಂಟರು ಬಂದು ಇನ್ನೊಂದು ಪದ್ಧತಿ ತಂದಿದ್ದಾರೆ. ಏನೇ ಹೆಚ್ಚುಕಮ್ಮಿಯಾದರೂ ಆಯಾ ಕೋಣೆಯ ಇನ್‌ಚಾರ್ಜ್ ಆದವರೇ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಬೇಕಂತೆ. ಇಷ್ಟು ದಿನ ಮೇಲಿನ ಗುಮಾಸ್ತರು ಬರೆದುಕೊಡುತ್ತಿದ್ದರು. ಏಪ್ರಿಲ್‌ನಿಂದ ಬರೆಯಲು ಬಾರದವರು ಇನ್‌ಚಾರ್ಜ್ ಅಲ್ಲ. ಈ ಕೋಣೆಗೆ ಇನ್‌ಚಾರ್ಜ್ ನಾನೇ. ಕಾಲೇಜು ಮೆಟ್ಟಿಲು ಹತ್ತಿದವಳು ಎನ್ನುವುದು ನಿಜ, ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದದ್ದೂ ಅಷ್ಟೇ ನಿಜ. ಎರಡನೆಯದು ಇಲ್ಲಿ ಯಾರಿಗೂ ಗೊತ್ತಿಲ್ಲ. ಇಂಗ್ಲಿಷ್ ಕಾಗದ ಕೈಗೆ ಬಂದಾಗಲೆಲ್ಲ ಕನ್ನಡಕ ಮರೆತು ಬಂದೆ ಅನ್ನುತ್ತೇನೆ. ಹದಿನಾರು ವರ್ಷದಿಂದ ಕನ್ನಡಕ ಮರೆಯುತ್ತಲೇ ಇದ್ದೇನೆ.

ಅದಕ್ಕೇ ಇವತ್ತು ಕ್ಲಾಸಿಗೆ ಸೇರಿದೆ. ಬಸ್ ನಿಲ್ದಾಣದ ಹಿಂದೆ, ಟೈಪಿಂಗ್ ಶಾಲೆಯ ಮಹಡಿಯಲ್ಲಿ, ಸೋಮವಾರ ಮತ್ತು ಗುರುವಾರ ಸಂಜೆ ಐದೂವರೆಗೆ. ಮನೆಯಲ್ಲಿ ಓವರ್‌ಟೈಮ್ ಅಂದಿದ್ದೇನೆ. ಮಗಳು ಕಾಲೇಜಿನಲ್ಲಿ ಪಟಪಟ ಇಂಗ್ಲಿಷ್ ಮಾತಾಡುವವಳು. ನಲವತ್ತಮೂರನೇ ವಯಸ್ಸಿಗೆ ಅಮ್ಮ ಗ್ರಾಮರ್ ಪುಸ್ತಕ ಹಿಡಿದು ಹೊರಟಳು ಅಂದರೆ ನಗುತ್ತಾಳೋ, ಪಾಪ ಅನ್ನುತ್ತಾಳೋ. ಎರಡೂ ನನಗೆ ಬೇಡ.

ಫೆಬ್ರವರಿ 6, ಗುರುವಾರ

ಟೀಚರ್ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳನ್ನು ಮೇಡಂ ಅನ್ನುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಇವತ್ತು ಜೋಡಿ ಕ್ರಿಯಾಪದಗಳ ಪಾಠ. ಪುಟ್ ಅಂದರೆ ಇಡು ಅಂತ ಚಿಕ್ಕಂದಿನಿಂದ ಓದಿದ್ದೆ. ಅದರ ಬಾಲಕ್ಕೆ ಆಫ್ ಕಟ್ಟಿದರೆ ಮುಂದಕ್ಕೆ ಹಾಕು, ಔಟ್ ಕಟ್ಟಿದರೆ ಬೆಂಕಿ ಆರಿಸು, ಅಪ್ ವಿತ್ ಅಂತ ಎರಡು ಕಟ್ಟಿದರೆ ಸಹಿಸಿಕೋ. ಇದೆಂಥ ಕಾಟ ಅಂತ ಮೊದಲು ತಲೆಬಿಸಿಯಾಯಿತು. ಆಮೇಲೆ ನೋಡಿದರೆ ನಮ್ಮ ಬಿಡು ಏನು ಕಡಿಮೆ! ಬಿಟ್ಟುಕೊಡು ಬೇರೆ, ಬಿಟ್ಟುಹೋಗು ಬೇರೆ, ಬಿಟ್ಟುಹಾಕು ಬೇರೆ, ‘ಹೋಗಲಿ ಬಿಡು’ ಬೇರೆಯೇ. ಹೊರಗಿನವರು ಕನ್ನಡ ಕಲಿಯುವಾಗ ನಮಗೂ ಹೀಗೇ ಶಾಪ ಹಾಕುತ್ತಿರಬೇಕು.

ಆಮೇಲೆ ಅವುಗಳನ್ನೇ ಭೂತಕಾಲಕ್ಕೆ ತಂದು, ಕರ್ಮಣಿಗೆ ತಿರುಗಿಸಿದರು. ದಿ ಲೈಟ್ ವಾಸ್ ಸ್ವಿಚ್ಡ್ ಆಫ್. ದೀಪ ಆರಿಸಲ್ಪಟ್ಟಿತು. “ಯಾರು ಆರಿಸಿದ್ರು ಮೇಡಂ?” ಅಂದ ಮುಂದಿನ ಬೆಂಚಿನ ದರ್ಜಿ. “ಅದು ಬೇಕಾಗಿಲ್ಲ. ಯಾರು ಅಂತ ಗೊತ್ತಿಲ್ಲದಾಗ, ಇಲ್ಲಾ ಹೇಳೋಕೆ ಇಷ್ಟ ಇಲ್ಲದಾಗ ಹೀಗೆ ಬರೀತಾರೆ. ಆಫೀಸಿನವರಿಗೆ ಇದು ಅಂದ್ರೆ ಪ್ರಾಣ,” ಅಂದಳು ಟೀಚರ್. ಎಲ್ಲರೂ ನಕ್ಕೆವು. ಮನೆಯಲ್ಲಿ ಯಾರಾದರೂ ದೀಪ ಆರಿಸಲ್ಪಟ್ಟಿತು ಅಂದರೆ ಹಣೆ ಮುಟ್ಟಿ ಜ್ವರ ಇದೆಯಾ ನೋಡಬೇಕಾಗುತ್ತದೆ. ನಮಗೆ ಅಷ್ಟೆಲ್ಲ ಬೇಕಾಗೂ ಇಲ್ಲ. ನಮ್ಮ ಕೈಯಿಂದಲೇ ಜಾರಿದ್ದರೂ ಲೋಟ ಬಿತ್ತು ಅಂದು ಸುಮ್ಮನಾಗುತ್ತೇವೆ.

ಸೋಮವಾರ ಇದರದ್ದೇ ಟೆಸ್ಟ್.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಒಂದು ಎಡವಟ್ಟಾಯಿತು. ನಿನ್ನೆಯ ಕೊನೆಯ ಲೋಡು ಪೂರ್ತಿ ಬೆಂದಿರಲಿಲ್ಲ. ಹಾಗೇ ಮೇಲೆ ಹೋಗಿಬಿಟ್ಟಿದೆ. ಥಿಯೇಟರ್ ಸಿಸ್ಟರ್ ಗಂಟು ಬಿಚ್ಚುವ ಮುಂಚೆ ಟೇಪು ನೋಡಿದರು, ಗೆರೆ ಬಿಳಿ. ಆಪರೇಷನ್ ನಿಂತಿತು. ಖಾಲಿ ಹೊಟ್ಟೆಯಲ್ಲಿ, ತಲೆಗೆ ಹಸಿರು ಟೋಪಿ ಹಾಕಿಸಿಕೊಂಡು ಮಲಗಿದ್ದ ಹೆಂಗಸನ್ನು ವಾರ್ಡಿಗೆ ವಾಪಸ್ ಕಳಿಸಿದರು. ಅವರಿಗೆ ಏನೂ ಆಗಿಲ್ಲ. ಮುಂದಿನ ವಾರಕ್ಕೆ ಹಾಕಿದ್ದಾರೆ.

ಬಾಗಿಲಲ್ಲಿ ಬಿಲ್ಲೆ ಇರಲಿಲ್ಲವಂತೆ. ಮೊಳೆಯಲ್ಲೂ ಇಲ್ಲ.

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 12, ಬುಧವಾರ

ಸೂಪರಿಂಟೆಂಡೆಂಟರೇ ಕೆಳಗಿಳಿದು ಬಂದರು. “ನಿನ್ನೆ ಬೆಳಿಗ್ಗೆ ಮಷೀನ್ ಬಾಗಿಲು ತೆಗೆದವರು ಯಾರು?” ಅಂದರು.

“ನಾನೇ ಸರ್. ಆರು ಗಂಟೆಗೆ,” ಅಂದರು ಅಕ್ಕ.

“ಬಿಲ್ಲೆ ಇತ್ತಾ?”

“ಇರಲಿಲ್ಲ ಅನ್ಸತ್ತೆ ಸರ್.”

“ಅನ್ಸತ್ತೆ ಅಂದ್ರೆ? ಇತ್ತೋ ಇಲ್ವೋ?”

ಅಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡರು. ಬಾಗಿಲನ್ನು ನೋಡಿದರು, ಮೊಳೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲದ ಟೈಲ್ಸ್ ಎಣಿಸುತ್ತಿದ್ದೆ. “ಇರಲಿಲ್ಲ ಸರ್... ಇದ್ದಿದ್ರೆ ನಾನು ತೆಗೀತಿರಲಿಲ್ಲ,” ಅಂದರು. ದನಿ ಇಷ್ಟೇ ಇಷ್ಟಾಗಿತ್ತು. ಸಾಹೇಬರು ಅವರ ವಯಸ್ಸು ಕೇಳಿದರು. ಐವತ್ತೇಳು ಅಂದಾಗ ಹೂಂ ಅಂದು, ನನ್ನ ಕಡೆ ತಿರುಗಿ, ರಿಪೋರ್ಟ್ ಬರೆದು ಇಬ್ಬರೂ ಸಹಿ ಹಾಕಿ ಕಳಿಸಿ ಅಂತ ಹೇಳಿ ಹೋದರು.

ಕ್ಲಾಸಿನ ನೋಟ್ಸ್ ಪಕ್ಕದಲ್ಲಿಟ್ಟುಕೊಂಡು ಒಂದೂವರೆ ಗಂಟೆ ಬರೆದೆ. ದಿ ಮಷೀನ್ ವಾಸ್ ಸ್ವಿಚ್ಡ್ ಆಫ್. ದಿ ಟ್ಯಾಗ್ ವಾಸ್ ಟೇಕನ್ ಆಫ್. ದಿ ಲೋಡ್ ವಾಸ್ ಸೆಂಟ್ ಔಟ್. ದಿ ಆಪರೇಷನ್ ವಾಸ್ ಕಾಲ್ಡ್ ಆಫ್. ಮಷೀನು ಆರಿಸಲ್ಪಟ್ಟಿತು, ಬಿಲ್ಲೆ ತೆಗೆಯಲ್ಪಟ್ಟಿತು, ಲೋಡು ಕಳಿಸಲ್ಪಟ್ಟಿತು, ಆಪರೇಷನ್ ರದ್ದು ಮಾಡಲ್ಪಟ್ಟಿತು. ನಾಲ್ಕೂ ನಿಜ. ಒಂದರಲ್ಲೂ ಸುಳ್ಳಿಲ್ಲ.

“ಏನು ಬರೆದಿದೀಯ ತಂಗಿ?” ಅಂದರು ಅಕ್ಕ.

“ಏನಿಲ್ಲ ಅಕ್ಕ. ಮಷೀನ್ ಆಫ್ ಆಗಿತ್ತು, ಬಿಲ್ಲೆ ಇರಲಿಲ್ಲ, ಆಪರೇಷನ್ ನಿಂತೋಯ್ತು ಅಂತ.”

“ಹಾಗಾದ್ರೆ ಸರಿ,” ಅಂದು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು. ನಾನು ಅವರ ಹೆಸರಿನ ಕೆಳಗೆ ಹಾಕಿದೆ.

ಫೆಬ್ರವರಿ 13, ಗುರುವಾರ

ಎರಡು ದಿನದಿಂದ ಈ ಪುಸ್ತಕಕ್ಕೂ ಕನ್ನಡಕ ಮರೆತವಳ ಆಟ ಆಡುತ್ತಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಹೆದರಬೇಕು?

ಸೋಮವಾರ ಥಿಯೇಟರಿನಿಂದ ಸಾಮಾನು ತಡವಾಗಿ ಬಂತು. ಕೊನೆಯ ಲೋಡು ಒಳಗೆ ಹೋದಾಗ ನಾಲ್ಕು ಇಪ್ಪತ್ತು. ಮುಗಿಯಲು ಐದೂವರೆಯಾಗುತ್ತದೆ. ಟೆಸ್ಟ್ ಶುರುವಾಗುವುದೂ ಐದೂವರೆಗೆ. ಅಕ್ಕ ಎರಡಕ್ಕೇ ಮನೆಗೆ ಹೋಗಿದ್ದರು. ನಾಲ್ಕೂ ಐವತ್ತೈದಕ್ಕೆ ಮಷೀನ್ ಆಫ್ ಮಾಡಿದೆ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಹಾಕಿದರಾಯಿತು, ಬಿಲ್ಲೆ ಹೇಗೂ ಇರುತ್ತದೆ, ಯಾರೂ ಮುಟ್ಟುವುದಿಲ್ಲ ಅಂದುಕೊಂಡೆ. ಆದರೆ ದಿನವೂ ಹೊರಡುವ ಮುಂಚೆ ಮಷೀನ್ ಆರಿಸುವುದು, ಬಿಲ್ಲೆ ತೆಗೆಯುವುದು, ಬ್ಯಾಗು ಹೆಗಲಿಗೇರಿಸುವುದು ಮೂರೂ ನನ್ನ ಕೈಗೆ ಒಂದೇ ಕೆಲಸ. ಆವತ್ತೂ ಕೈ ಅದನ್ನೇ ಮಾಡಿದೆ. ಮೊಳೆಯವರೆಗೂ ಹೋಗುವಷ್ಟು ಪುರುಸೊತ್ತಿರಲಿಲ್ಲ ಅಂತ ಕಾಣುತ್ತದೆ. ಗ್ರಾಮರ್ ಪುಸ್ತಕದ ಜೊತೆಗೆ ಬಿಲ್ಲೆಯನ್ನೂ ಬ್ಯಾಗಿಗೆ ತುರುಕಿದ್ದೆ.

ಕ್ಲಾಸಿನಲ್ಲಿ ಪುಸ್ತಕ ತೆಗೆದಾಗ ಅದು ಠಣ್ ಅಂತ ಬೆಂಚಿನ ಮೇಲೆ ಬಿತ್ತು. “ಅದೇನು?” ಅಂದಳು ಟೀಚರ್. “ಡಬ್ಬಿ ಮುಚ್ಚಳ,” ಅಂದೆ.

ಆಗಲೇ ಫೋನ್ ಮಾಡಬಹುದಿತ್ತು. ಡ್ಯೂಟಿಯಲ್ಲಿದ್ದ ಸಿಸ್ಟರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅವರು ಎಲ್ಲಿದ್ದೀರಿ ಅಂತ ಕೇಳುತ್ತಿದ್ದರು, ಯಾಕೆ ಬೇಗ ಹೋದಿರಿ ಅನ್ನುತ್ತಿದ್ದರು. ಇಂಗ್ಲಿಷ್ ಕಲಿಯಲು ಬಂದಿದ್ದೇನೆ ಅನ್ನಲು ನಾಚಿಕೆಯಾಯಿತು. ಒಬ್ಬ ಹೆಂಗಸಿನ ಹೊಟ್ಟೆಯೊಳಗೆ ಹೋಗಬೇಕಾದ ಕತ್ತರಿಗಿಂತ ನನ್ನ ಆ ನಾಚಿಕೆ ದೊಡ್ಡದಾಯಿತು. ಬೆಳಿಗ್ಗೆ ಬೇಗ ಹೋಗೋಣ ಅಂದುಕೊಂಡು ಟೆಸ್ಟ್ ಬರೆದೆ. ಇಪ್ಪತ್ತಕ್ಕೆ ಹದಿನೇಳು ಬಂತು.

ಬೆಳಿಗ್ಗೆ ಏಳಕ್ಕೆಲ್ಲ ಬಂದೆ. ಟ್ರಾಲಿ ಆರೂವರೆಗೇ ಮೇಲೆ ಹೋಗಿತ್ತು. ಓಡಿಹೋಗಿ ತಡೆಯುವ ಬದಲು ಐದು ನಿಮಿಷ ಇದೇ ಸ್ಟೂಲಿನ ಮೇಲೆ ಕೂತಿದ್ದೆ. ಆ ಐದು ನಿಮಿಷವನ್ನು ಏನು ಮಾಡಿದರೂ ಮರೆಯಲಾಗುತ್ತಿಲ್ಲ. ಆಮೇಲೆ ಮೇಲಿನಿಂದ ಫೋನ್ ಬಂತು.

ಬಿಲ್ಲೆ ಈಗಲೂ ನನ್ನ ಬ್ಯಾಗಿನಲ್ಲೇ ಇದೆ, ಕರವಸ್ತ್ರದಲ್ಲಿ ಸುತ್ತಿಕೊಂಡು.

ಫೆಬ್ರವರಿ 17, ಸೋಮವಾರ

ಅಕ್ಕ ಬಿಲ್ಲೆ ಹುಡುಕುತ್ತಿದ್ದಾರೆ. ತೊಳೆಯುವ ತೊಟ್ಟಿಯ ಕೆಳಗೆ, ಬಟ್ಟೆಯ ಗೂಡಿನ ಹಿಂದೆ, ಕಸದ ಚೀಲದಲ್ಲಿ. ಮನೆಯಲ್ಲೂ ಹುಡುಕಿದರಂತೆ. ಅಕ್ಕಿ ಡಬ್ಬಿ ಸುರಿದು ನೋಡಿದರಂತೆ.

“ಮನೇಲಿ ಯಾಕಕ್ಕ ಹುಡುಕಿದ್ರಿ?” ಅಂದೆ.

“ನಾನೇ ತೆಗೆದು ಮರೆತಿರಬೇಕು ಕಣೆ. ಅದಕ್ಕೇನು ಕಾಲಿದೆಯಾ ನಡ್ಕೊಂಡು ಹೋಗೋಕೆ? ನೀನು ಹಾಕಿದ್ದೆ, ಬೆಳಿಗ್ಗೆ ಬಂದವಳು ನಾನು. ಇನ್ಯಾರು ತೆಗೀತಾರೆ?”

ನೀನು ಹಾಕಿದ್ದೆ ಅನ್ನುವಾಗ ಅವರ ಮುಖದಲ್ಲಿ ಅನುಮಾನದ ಗೆರೆಯೂ ಇರಲಿಲ್ಲ. ಆಮೇಲೆ ಅವರಮ್ಮನ ಕಥೆ ಹೇಳಿದರು. ಅವರಿಗೆ ಮರೆವು ಶುರುವಾದದ್ದೂ ಇಷ್ಟೇ ಸಣ್ಣದರಿಂದಂತೆ. ಒಂದು ದಿನ ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕಿದರು, ಸಿಗಲಿಲ್ಲ. ನಾಲ್ಕು ವರ್ಷದಲ್ಲಿ ಅಕ್ಕನನ್ನೇ ನೋಡಿ ನೀನು ಯಾರಮ್ಮ ಅಂದರಂತೆ.

“ನಿಮಗೆ ಹಾಗೆಲ್ಲ ಏನೂ ಆಗಿಲ್ಲ, ಸುಮ್ನಿರಿ,” ಅಂದೆ. ಇದೂ ನಿಜವೇ. ನಿಜವನ್ನೇ ಎಷ್ಟು ಹೇಳುತ್ತಿದ್ದೇನೆ ನಾನು!

ಅಕ್ಕನ ಸೊಂಟದಲ್ಲಿ ಒಂದು ಪುಟ್ಟ ನೋಟ್‌ಬುಕ್ ಸಿಕ್ಕಿಕೊಂಡಿದೆ. ಪ್ರತಿ ಕೆಲಸ ಮುಗಿದಾಗಲೂ ಪೆನ್ಸಿಲ್ಲಿನಲ್ಲಿ ಏನೋ ಗೀಚುತ್ತಾರೆ. ಮಾಡಿದ್ದನ್ನೆಲ್ಲ ಬರೆದಿಡು ಅಂತ ಸೊಸೆ ಹೇಳಿದ್ದಾಳಂತೆ.

ಆಪರೇಷನ್ ಮುಂದಕ್ಕೆ ಹೋದ ಹೆಂಗಸಿಗೆ ಇವತ್ತು ಆಯಿತು. ಚೆನ್ನಾಗಿದ್ದಾರೆ. ಅವರ ಟ್ರೇಯ ಟೇಪನ್ನು ಆರು ಸಲ ನೋಡಿ ಕಳಿಸಿದೆ.

ಫೆಬ್ರವರಿ 20, ಗುರುವಾರ

ಕೆಲಸದ ಜಾಗದಲ್ಲಿ ನಡೆದದ್ದನ್ನು ನಾಲ್ಕು ವಾಕ್ಯದಲ್ಲಿ ಬರೆದು ತನ್ನಿ ಅಂದಿದ್ದರು. ಬೇರೆ ಬರೆಯಲು ತಲೆ ಓಡಲಿಲ್ಲ, ಆ ನಾಲ್ಕನ್ನೇ ಒಯ್ದೆ. ಟೀಚರ್ ಅದನ್ನು ಬೋರ್ಡಿನ ಮೇಲೆ ಬರೆದು ಎಕ್ಸಲೆಂಟ್ ಅಂದಳು. “ನೋಡಿ, ಎಷ್ಟು ಅಚ್ಚುಕಟ್ಟು. ನಾಲ್ಕೂ ಜೋಡಿ ಕ್ರಿಯಾಪದ, ನಾಲ್ಕೂ ಭೂತಕಾಲ. ಇದನ್ನ ಓದಿದ್ರೆ ದೊಡ್ಡ ಆಫೀಸಿನವರು ಬರೆದಿದ್ದು ಅನ್ಸತ್ತೆ.” ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿ ತಿರುಗಿ ನನ್ನ ಕಡೆ ಹೆಬ್ಬೆರಳೆತ್ತಿದ.

ಇಂಗ್ಲಿಷಿನಲ್ಲಿ ಹುಟ್ಟಿದಾರಭ್ಯ ಸಿಕ್ಕ ಮೊದಲ ಶಹಭಾಸ್. ಹೊಟ್ಟೆ ನೋವು ಅಂತ ಹೇಳಿ ಅರ್ಧಕ್ಕೇ ಎದ್ದು ಬಂದೆ.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ಕ್ಲಾಸಿನ ಪುಸ್ತಕ ತೆರೆದರೆ ನನ್ನ ನಾಲ್ಕು ವಾಕ್ಯದ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣಗೆ, ‘ಸರಿಯಾಗಿದೆ ಅಮ್ಮ. ಆದ್ರೆ ಯಾರು?’ ಮಗಳ ಅಕ್ಷರ.

ಅವಳಿಗೆ ಕ್ಲಾಸಿನ ವಿಷಯ ಗೊತ್ತಾಗಿದೆ. ನಗಲಿಲ್ಲ, ಪಾಪವೂ ಅನ್ನಲಿಲ್ಲ. ಊಟದ ಡಬ್ಬಿ ಕೈಗೆ ಕೊಡುತ್ತಾ, “ಓವರ್‌ಟೈಮ್ ಜಾಸ್ತಿ ಆಯ್ತೇನೋ, ಮುಖ ಬಾಡಿದೆ,” ಅಂದಳು ಅಷ್ಟೇ.

ಇಷ್ಟಕ್ಕಾಗಿ ನಾನು ಆವತ್ತು ಸಿಸ್ಟರಿಗೆ ಫೋನ್ ಮಾಡಲಿಲ್ಲ.

ಫೆಬ್ರವರಿ 25, ಮಂಗಳವಾರ

ಅಕ್ಕ ಕತ್ತರಿಗಳನ್ನು ನಾಲ್ಕು ಸಲ ಎಣಿಸುತ್ತಾರೆ. ನಲ್ಲಿ ನಿಲ್ಲಿಸಿ ಎರಡು ಹೆಜ್ಜೆ ಹೋಗಿ ಮತ್ತೆ ಬಂದು ನಲ್ಲಿ ಮುಟ್ಟುತ್ತಾರೆ. ಈ ಕೆಲಸವನ್ನು ನನಗೆ ಕಲಿಸಿದವರು ಅವರು. ಬಟ್ಟೆಯ ಮೂಲೆಯನ್ನು ಮೊದಲು ತನ್ನ ಕಡೆಗೆ ಮಡಿಸಬೇಕೋ ಆಚೆಗೋ ಅಂತ ಗೊತ್ತಿಲ್ಲದ ನನ್ನ ಕೈ ಹಿಡಿದು ತಿದ್ದಿದವರು. ಕಣ್ಣು ಮುಚ್ಚಿಕೊಂಡು ಯಾವ ಟ್ರೇಯಲ್ಲಿ ಯಾವ ಚಿಮಟ ಅಂತ ಹೇಳುತ್ತಿದ್ದವರು ಇವತ್ತು ನನ್ನನ್ನು ಕರೆದು, “ಇದು ಯಾವ ಟ್ರೇದು ಹೇಳು, ನಾನು ಹೇಳಿದ್ದು ಸರಿಯಾ ನೋಡ್ಬೇಕು,” ಅಂದರು. ಸರಿಯಾಗಿಯೇ ಹೇಳಿದರು. ಆದರೂ ನಂಬಿಕೆ ಬರಲಿಲ್ಲ.

ನಿನ್ನೆ ಬಸ್ಸಿನಲ್ಲಿ ಯೋಚನೆ ಮಾಡುತ್ತಾ ಅವರ ಸ್ಟಾಪು ದಾಟಿಹೋಯಿತಂತೆ. “ನೋಡು, ಶುರುವಾಯ್ತು,” ಅಂದರು. ನನ್ನ ಸ್ಟಾಪು ವಾರಕ್ಕೆರಡು ಸಲ ದಾಟುತ್ತದೆ ಅಂತ ಹೇಳಿದೆ. ನಗಲಿಲ್ಲ.

ಮೂರು ಸಲ ಬ್ಯಾಗಿಗೆ ಕೈ ಹಾಕಿದೆ. ಬಿಲ್ಲೆಯನ್ನು ತೊಟ್ಟಿಯ ಹಿಂದೆ ಬೀಳಿಸಿ, ಅಯ್ಯೋ ಇಲ್ಲೇ ಇದೆ ನೋಡಿ ಅಂದರೆ ಮುಗಿಯಿತಲ್ಲ ಅನ್ನಿಸಿತ್ತು. ಆಮೇಲೆ ಯೋಚಿಸಿದರೆ, ಅಲ್ಲಿ ಸಿಕ್ಕರೆ ಅಲ್ಲಿಟ್ಟವರು ಅಕ್ಕನೇ ಅಂತಾಗುತ್ತದೆ. ಇಷ್ಟು ಕೀಳಾಗಿ ಯೋಚನೆ ಮಾಡಲು ಯಾವಾಗ ಕಲಿತೆ?

ಮಾರ್ಚ್ 1, ಶನಿವಾರ

ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಪಕ್ಕದಲ್ಲಿ ಬಂದು ಕೂತರು. “ತಂಗಿ, ಒಂದು ಕಾಗದ ಬರೆದುಕೊಡ್ತೀಯಾ? ಇಂಗ್ಲಿಷ್‌ನಲ್ಲಿ. ಈಗ ನಿನಗೆ ಚೆನ್ನಾಗಿ ಬರತ್ತಲ್ಲ.”

ಕೆಲಸ ಬಿಡುವ ಕಾಗದ. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ.

“ಯಾಕಕ್ಕ? ಯಾರೂ ಬಿಡಿ ಅಂತ ಹೇಳಿಲ್ಲವಲ್ಲ?”

“ಯಾರೂ ಹೇಳಿಲ್ಲ. ನಾನೇ ಹೇಳ್ಕೋತಿದೀನಿ. ಈ ಸಲ ಸಿಸ್ಟರ್ ನೋಡಿದ್ರು, ಬಚಾವಾಯ್ತು. ಇನ್ನೊಂದು ಸಲ ನೋಡದೇ ಇದ್ರೆ? ಯಾರದೋ ಮನೆ ಹೆಣ್ಣುಮಗಳು ಸತ್ತರೆ ನಾನು ಬದುಕಿರೋಕಾಗತ್ತಾ?” ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು. “ನೆನಪು ಕೈಕೊಡ್ತಿದೆ, ಅದಕ್ಕೆ ಬಿಡ್ತಿದೀನಿ ಅಂತ ಹಾಕು. ಮತ್ತೆ, ಬಿಲ್ಲೆ ತೆಗೆದು ಕಳೆದವಳು ನಾನೇ ಅಂತಾನೂ ಬರಿ. ಸುತ್ತಿ ಬಳಸಿ ಬರೀಬೇಡ. ಇಷ್ಟು ವರ್ಷ ಅನ್ನ ಕೊಟ್ಟ ಜಾಗದಿಂದ ಸುಳ್ಳು ಹೇಳ್ಕೊಂಡು ಹೋಗಬಾರದು.”

ಮಂಗಳವಾರ ಕೊಡುತ್ತೇನೆ ಅಂದೆ. ಊಟದ ಡಬ್ಬಿ ಮುಚ್ಚಿ ಎದ್ದೆ.

ಮಾರ್ಚ್ 3, ಸೋಮವಾರ

ಕ್ಲಾಸಿಗೆ ಹೋಗಲಿಲ್ಲ. ಅತ್ತೆಮ್ಮನ ಎದುರು ಕೂತು ಅಕ್ಕನ ಕಾಗದ ಬರೆಯಲು ನೋಡಿದೆ. ಐ ಟುಕ್ ಆಫ್ ದಿ ಟ್ಯಾಗ್. ಬಿಲ್ಲೆ ತೆಗೆದವಳು ನಾನು. ಕ್ಲಾಸಿನ ಮೊದಲ ವಾರದಲ್ಲೇ ಕಲಿತ ವಾಕ್ಯ, ಐದು ಪದ. ಅಕ್ಕನ ಪರವಾಗಿ ಆ ‘ಐ’ ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಮಾಡದ ತಪ್ಪನ್ನು ಅವರು ನಾನೇ ಅನ್ನುತ್ತಿದ್ದಾರೆ. ಮಾಡಿದವಳು ನಾನು, ಒಂದು ರಿಪೋರ್ಟಿನ ತುಂಬ ಹುಡುಕಿದರೂ ಸಿಗುವುದಿಲ್ಲ.

ನಾಲ್ಕನೇ ಹಾಳೆ ಹರಿದು ಎದ್ದೆ. ಮಷೀನ್ ಪೂರ್ತಿ ಮುಗಿಯುವವರೆಗೆ ನಿಂತೆ. ಟೇಪು ನೋಡಿದೆ. ಬಾಗಿಲಿಗೆ ಹಾಕಲು ಈಗ ಬಿಲ್ಲೆಯಿಲ್ಲ, ರಟ್ಟಿನ ತುಂಡಿಗೆ ಕೆಂಪು ಬಣ್ಣ ಬಳಿದು ಅಕ್ಕ ಮಾಡಿದ್ದು ಇದೆ. ಅದನ್ನು ಮೊಳೆಗೆ ಹಾಕಿದೆ.

ಮಾರ್ಚ್ 4, ಮಂಗಳವಾರ

ಹೇಳಿದೆ.

ಆರು ಗಂಟೆಗೆ, ಅಕ್ಕ ಬರುವ ಹೊತ್ತಿಗೇ ಬಂದಿದ್ದೆ. “ಕಾಗದ ತಂದ್ಯಾ?” ಅಂದರು. ನಾನು ಕರವಸ್ತ್ರ ಬಿಚ್ಚಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ.

ಅವರ ಮುಖ ಅರಳಿತು. ಅದನ್ನು ನೋಡಲಾರದೆ ಹೋದೆ. “ಸಿಕ್ತಾ! ಎಲ್ಲಿತ್ತೇ?”

“ನನ್ನ ಬ್ಯಾಗಲ್ಲಿ.”

“ನಿನ್ನ ಬ್ಯಾಗಿಗೆ ನಾನು ಯಾಕೆ ಹಾಕಿದೆ?” ಅಂದರು. ಆಗಲೂ ತಾನೇ ಹಾಕಿದ್ದು ಅಂದುಕೊಂಡರು.

ಆಗ ಎಲ್ಲ ಹೇಳಿದೆ. ಕ್ಲಾಸು, ಟೆಸ್ಟ್, ಆಫ್ ಮಾಡಿದ್ದು, ಬೆಂಚಿನ ಮೇಲೆ ಬಿದ್ದದ್ದು, ಫೋನ್ ಮಾಡದಿದ್ದದ್ದು, ಐದು ನಿಮಿಷ ಕೂತದ್ದು. ಅವರು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಹಾಗಾದ್ರೆ ನಾನು ತೆಗೀಲಿಲ್ಲ.”

“ಇಲ್ಲ ಅಕ್ಕ.”

“ನನ್ನ ತಲೆ ನೆಟ್ಟಗಿದೆ.”

“ನೆಟ್ಟಗಿದೆ.”

ಜೋರಾಗಿ ನಕ್ಕುಬಿಟ್ಟರು. ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕರು. ನಗುತ್ತಲೇ ಅಳು ಬಂತು. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದರು. ಆಮೇಲೆ ಮುಖ ತೊಳೆದುಕೊಂಡು ಬಂದು, “ಆವತ್ತು ನನ್ನ ಸಹಿ ಹಾಕಿಸ್ಕೊಂಡ್ಯಲ್ಲ, ಅದರಲ್ಲಿ ಏನಿದೆ ಓದು,” ಅಂದರು. ನಕಲು ನನ್ನ ಬಳಿ ಇತ್ತು. ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದೆ.

“ಇದರಲ್ಲಿ ನೀನೆಲ್ಲಿದೀಯ?”

“ಇಲ್ಲ.”

“ನಾನು?”

“ನೀವೂ ಇಲ್ಲ. ಕೆಳಗೆ ನಿಮ್ಮ ಸಹಿ ಇದೆ.”

“ಹೂಂ,” ಅಂದರು. ಬಿಲ್ಲೆಯನ್ನು ನನ್ನ ಕಡೆ ತಳ್ಳಿದರು. “ಇದನ್ನ ನನ್ನ ಕೈಗೆ ಯಾಕೆ ಕೊಡ್ತೀರ? ತಗೊಂಡು ಮೇಲೆ ಹೋಗಿ, ಸಾಹೇಬರ ಮೇಜಿನ ಮೇಲಿಡಿ.”

ಹದಿನಾರು ವರ್ಷದಲ್ಲಿ ಮೊದಲ ಸಲ ಅಕ್ಕ ನನಗೆ ಬಹುವಚನ ಹಾಕಿದರು. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾರ್ಚ್ 5, ಬುಧವಾರ

ಸಾಹೇಬರಿಗೆ ಸಂತೋಷವಾಗಲಿಲ್ಲ. “ಆ ಫೈಲ್ ಮುಗಿದಿದೆಯಲ್ಲಮ್ಮ. ಯಾರಿಗೂ ಏನೂ ಆಗಿಲ್ಲ. ರಿಪೋರ್ಟೂ ಚೆನ್ನಾಗಿತ್ತು. ಈಗ ಯಾಕೆ ಕೆದಕ್ತೀರ?” ಅಂದರು.

“ಅಕ್ಕ ಕೆಲಸ ಬಿಡ್ತೀನಿ ಅಂತಿದಾರೆ ಸರ್. ಮರೆವು ಬಂದಿದೆ ಅಂತ. ಅವರಿಗೆ ಮರೆವಿಲ್ಲ. ಸುಳ್ಳು ನನ್ನದು.”

ಹಾಗಾದರೆ ಬರೆದುಕೊಡಿ ಅಂದರು. ಅವರ ಎದುರೇ ಕೂತು ಬರೆದೆ, ನೋಟ್ಸ್ ಇಲ್ಲದೆ. ಐ ಸ್ವಿಚ್ಡ್ ಆಫ್ ದಿ ಮಷೀನ್. ಐ ಟುಕ್ ಆಫ್ ದಿ ಟ್ಯಾಗ್. ಐ ಹಿಡ್ ಇಟ್. ಕಾಗದದ ತುಂಬ ಐ, ಐ, ಐ, ಬೇಲಿಯ ಗೂಟದ ಹಾಗೆ. ಸಾಹೇಬರು ಓದಿ, ಕೆಂಪು ಪೆನ್ನಿನಲ್ಲಿ ಎರಡು ಸ್ಪೆಲ್ಲಿಂಗ್ ತಿದ್ದಿ, ಸಹಿ ಹಾಕಿ ಅಂದರು. ಈ ಸಲ ಒಂದೇ ಸಹಿ.

ಸಂಜೆ ಮಗಳಿಗೂ ಹೇಳಿದೆ. “ಕ್ಲಾಸ್ ವಿಷಯ ಗೊತ್ತಿತ್ತಮ್ಮ. ಇದು ಗೊತ್ತಿರಲಿಲ್ಲ,” ಅಂದಳು. ಆಮೇಲೆ ನನ್ನ ತಟ್ಟೆಗೆ ತಾನೇ ಬಡಿಸಿದಳು.

ಮಾರ್ಚ್ 12, ಬುಧವಾರ

ನಾನೀಗ ತೊಳೆಯುವ ತೊಟ್ಟಿಯಲ್ಲಿದ್ದೇನೆ. ಇನ್‌ಚಾರ್ಜ್ ಬೇರೆ ಯಾರೋ ಬರುತ್ತಾರಂತೆ. ಅಲ್ಲಿಯವರೆಗೆ ಅತ್ತೆಮ್ಮನ ಜವಾಬ್ದಾರಿ ಅಕ್ಕನದು. ಅಕ್ಕ ಕೆಲಸ ಬಿಡುತ್ತಿಲ್ಲ. ಟೇಪು ನೋಡಲು ಹೊಸ ಕನ್ನಡಕ ಮಾಡಿಸಿದ್ದಾರೆ. ಹಳೆಯ ಬಿಲ್ಲೆ ಬಾಗಿಲಿಗೆ ವಾಪಸ್ ಬಂದಿದೆ, ರಟ್ಟಿನದನ್ನು ಕಸಕ್ಕೆ ಹಾಕಿದೆವು. ಕತ್ತರಿ ಎಷ್ಟು ಅಂತ ಕೇಳುತ್ತಾರೆ, ಇಪ್ಪತ್ತನಾಲ್ಕು ಅನ್ನುತ್ತೇನೆ. ನೀರು ಬಿಸಿಯಿದೆ, ಕೈ ನೋಡ್ಕೊಳ್ಳಿ ಅನ್ನುತ್ತಾರೆ. ಅದಕ್ಕಿಂತ ಹೆಚ್ಚು ಮಾತಿಲ್ಲ. ಕ್ಷಮಿಸಿ ಅಂತ ಮೂರು ಸಲ ಅಂದೆ. “ಕೆಲಸ ಮಾಡಿ,” ಅಂದರು.

ಇವತ್ತು ಹೊರಡುವಾಗ ಸೊಂಟದಿಂದ ಆ ಪುಟ್ಟ ನೋಟ್‌ಬುಕ್ ತೆಗೆದು ತೊಟ್ಟಿಯ ಪಕ್ಕ ಇಟ್ಟರು. “ಇದು ಇನ್ನು ನನಗೆ ಬೇಡ. ಹಿಂದಿನ ಹಾಳೆ ಖಾಲಿ ಇದೆ, ಲೆಕ್ಕ ಬರ್ಕೊಳ್ಳೋಕೆ ಆಗತ್ತೆ. ಮುಂದಿಂದು ಹರಿದು ಬಿಸಾಕಿ.”

ಹರಿಯಲು ಕೂತೆ. ದಪ್ಪ ಪೆನ್ಸಿಲ್ ಅಕ್ಷರ, ಒತ್ತಿ ಒತ್ತಿ ಬರೆದದ್ದು. ‘ಒಲೆ ಆರಿಸಿದೆ. ಎರಡು ಸಲ ನೋಡಿದೆ. ಬೀಗ ಹಾಕಿದೆ. ಕೀಲಿ ಸೊಸೆ ಕೈಗೆ ಕೊಟ್ಟೆ. ಮೊಮ್ಮಗಳ ಹೆಸರು ನೆನಪಿದೆ. ಬಸ್ಸಿನಲ್ಲಿ ಅಮ್ಮನ ಮುಖ ನೆನೆಸಿಕೊಂಡೆ, ಬಂತು. ತಂಗಿ ಇವತ್ತೂ ಸರಿಯಾಗಿ ಊಟ ಮಾಡಲಿಲ್ಲ, ನನ್ನಿಂದ ಅವಳಿಗೆ ಮಾತು ಬಂತು.’ ಹೀಗೇ ಪುಟ ಪುಟ. ಒದ್ದೆ ಕೈಯಲ್ಲೇ ಹಿಂದಕ್ಕೆ ತಿರುಗಿಸುತ್ತಾ ಹೋದೆ. ಮೊದಲ ಪುಟದಲ್ಲಿ ಫೆಬ್ರವರಿ 12 ಅಂತಿತ್ತು, ಅದರ ಕೆಳಗೆ ಮೂರೇ ಸಾಲು.

‘ಇವತ್ತು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದೆ. ಏನು ಬರೆದಿದೆ ನನಗೆ ತಿಳಿಯದು. ತಂಗಿ ಬರೆದದ್ದು, ಸರಿಯಾಗಿಯೇ ಇರುತ್ತದೆ.’